ಕೋರಿಗೆ ಹೇಳಬೇಕಾದದ್ದು

ಉಣ್ಣೆ ಕತ್ತರಿಸುವ ಯಂತ್ರದ ಮೊರೆತ ಹೊಟ್ಟೆಯೊಳಗೇ ಹೊಕ್ಕ ಹಾಗೆ, ಅಥವಾ ಕುರಿಯ ಜಿಡ್ಡಿನ ವಾಸನೆಯೇ ಇರಬೇಕು, ನಿನ್ನೆಯಿಂದ ಏನೂ ಸೇರುತ್ತಿಲ್ಲ, ಟ್ಯಾಮ್ಸಿನ್ ಉಣ್ಣೆಮೂಟೆಗೆ ಬೆನ್ನು ಆನಿಸಿ ಕೂತಳು, ಚಹಾದ ಗಂಟೆ ಹೊಡೆಯುವವರೆಗೆ ತಮ್ಮ ಕೋರಿ ತಲೆ ಎತ್ತುವವನಲ್ಲ, ಬಾಗಿದ ಬೆನ್ನು, ಅದರಡಿ ಕುರಿ, ಉಣ್ಣೆ ಕಂಬಳಿಯಂತೆ ಬಿಚ್ಚಿಕೊಳ್ಳುತ್ತದೆ — ಹೇಗೆ ಹೇಳುವುದು, ಹ್ಯಾಮಿಲ್ಟನ್ ಊರಿನಿಂದ ನಲವತ್ತು ಕಿಲೋಮೀಟರ್ ಕಾರಿನಲ್ಲಿ ಬಾಯಿಪಾಠ ಮಾಡಿದ್ದು ಶೆಡ್ಡಿನ ಗೇಟಿನಲ್ಲೇ ಮರೆತುಹೋಯಿತು, ಸುಸ್ತು, ಸುಸ್ತು ಅನ್ನುವುದಕ್ಕೂ ಸುಸ್ತು. ಎರಡು ಪುಟ್ಟ ಮಕ್ಕಳಿದ್ದರೆ ಯಾರಿಗೆ ಸುಸ್ತಾಗಲ್ಲ ಹೇಳಿ ಎಂದಿದ್ದರು ಡಾಕ್ಟರು, ಮಲದಲ್ಲಿ ರಕ್ತವೇ, ಹೆತ್ತ ಹೆಂಗಸರಿಗೆ ಮೂಲವ್ಯಾಧಿ ಮಾಮೂಲು, ಕಬ್ಬಿಣದ ಮಾತ್ರೆ ತಗೊಳ್ಳಿ, ನಿಮ್ಮ ವಯಸ್ಸಿಗೆ ಅದೆಲ್ಲ ಬರಲ್ಲ — ಒಂದೂವರೆ ವರ್ಷ ನಂಬಿದಳು, ನಂಬುವುದೇ ಸುಲಭವಿತ್ತು, ಮಗಳು ಎಲ್ಸಿಗೆ ತಲೆ ಬಾಚಬೇಕು, ಸ್ಕೂಲಿಗೆ ಡಬ್ಬಿ ಕಟ್ಟಬೇಕು, ಯಾರಿಗೆ ಬಿಡುವಿತ್ತು. ಐವತ್ತಾದವರ ಮನೆಗೆ ಸರ್ಕಾರ ಅಂಚೆಯಲ್ಲಿ ಮಲಪರೀಕ್ಷೆಯ ಪೊಟ್ಟಣ ಕಳಿಸುತ್ತದೆ, ಅವಳಿಗೆ ಮೂವತ್ತಾರು, ಮೊನ್ನೆ ಕೊಳವೆ ಹಾಕಿ ನೋಡಿದ ಇನ್ನೊಬ್ಬ ಡಾಕ್ಟರು ಮಂಚದ ಅಂಚಿನಲ್ಲಿ ಕೂತರು, ಕೂತಾಗಲೇ ಗೊತ್ತಾಯಿತು, ದೊಡ್ಡ ಕರುಳಲ್ಲಿ ಗಡ್ಡೆ, ಕ್ಯಾನ್ಸರ್, ಮುಂದಿನ ವಾರ ಆಪರೇಷನ್, ಒಡಹುಟ್ಟಿದವರಿದ್ದರೆ ಅವರೂ ಪರೀಕ್ಷೆ ಮಾಡಿಸಲಿ. ಗಂಟೆ ಹೊಡೆಯಿತು, ಯಂತ್ರಗಳು ನಿಂತವು, ಕೋರಿ ಬೆವರು ಒರೆಸುತ್ತ ಮಗ್ಗು ಹಿಡಿದು ಬಂದ, ಏನೇ ಟ್ಯಾಮ್, ಅಪರೂಪಕ್ಕೆ, ಮೂರನೇದು ಬರ್ತಾ ಇದೆಯಾ, ಮುಖ ಯಾಕೆ ಹಳೇ ಕುರಿ ಥರ ಮಾಡ್ಕೊಂಡಿದೀಯ, ನಗಬೇಕಿತ್ತು, ನಗುವುದಕ್ಕೂ ಶಕ್ತಿ ಬೇಕು, ಕ್ಯಾನ್ಸರ್ ಅಂತೆ ಕಣೋ, ಕರುಳಿಂದು, ನೀನೂ ತೋರಿಸ್ಕೋಬೇಕಂತೆ, ಅಷ್ಟೇ ಹೊರಬಂತು. ಅವನು ಪಕ್ಕದಲ್ಲಿ ಕೂತ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಎತ್ತುವುದನ್ನು ಮರೆತ, ಅದು ಮುರಿದು ತಳ ಸೇರಿತು, ನಿಂಗೆ ಹೇಗೆ ಶುರುವಾಯ್ತು ಅಂದ, ರಕ್ತ ಬರ್ತಿತ್ತು, ಕೆಂಪಗಾ, ಹೂಂ, ನೋವಿತ್ತಾ, ಇಲ್ಲ, ನೋವೇ ಇರ್ಲಿಲ್ಲ — ಯಾಕಿಷ್ಟು ಕೇಳುತ್ತಾನೆ ಇವನು, ಮೂವತ್ತೊಂದರ ಹುಡುಗ, ದಿನಕ್ಕೆ ನೂರೈವತ್ತು ಕುರಿ ಬೋಳಿಸುವವನು, ದಿನವಿಡೀ ಬಗ್ಗಿರ್ತೀನಲ್ಲ, ಅದಕ್ಕೇ ಹಾಗಾಗತ್ತೆ ಅಂದ್ಕೊಂಡಿದ್ದೆ ಎಂದ, ನೆಲದ ಹಲಗೆ ನೋಡುತ್ತ, ಯಾವುದು ಹಾಗಾಗತ್ತೆ, ಕೋರಿ, ಎಷ್ಟು ತಿಂಗಳಿಂದ ರಕ್ತ, ಹೇಳೋ, ಜಿಡ್ಡಿಗೆ ಮಿನುಗುವ ಕೈ ಮೊಣಕಾಲಿನಿಂದ ಮೇಲೆದ್ದಿತು, ನಾಲ್ಕು ಬೆರಳು, ಎದ್ದೇಳು, ಈಗಲೇ ಹೋಗೋಣ, ಇನ್ನೂ ಒಂದು ಪಾಳಿ ಕೆಲಸ ಇದೆ ಟ್ಯಾಮ್, ಇರಲಿ, ಎದ್ದೇಳು, ಮಣಿಕಟ್ಟು ಹಿಡಿದು ಎಬ್ಬಿಸಿದಳು, ಈ ಸುಸ್ತಿನಲ್ಲಿ ಎಲ್ಲಿತ್ತೋ ಆ ಬಲ, ಕಾರಿನ ಬಾಗಿಲು, ಸೀಟಿನ ಬೆಲ್ಟು, ಅವನಿನ್ನೂ ಕೈ ಇಳಿಸಿಲ್ಲ, ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡು, ನಾಲ್ಕು ಬೆರಳು, ನಾಲ್ಕು ತಿಂಗಳು