ಹಳದಿ ಕವರಿನ ಪಕ್ಕ

ಚಿಕ್ಕಬಳ್ಳಾಪುರದಿಂದ ಚಿಂತಾಮಣಿವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ಶಿಡ್ಲಘಟ್ಟದಲ್ಲಿ ಒಂದು ಸೀಟು ಖಾಲಿಯಾಯಿತು; ಯಾರೋ ಅದರ ಮೇಲೆ ರೇಷ್ಮೆಗೂಡಿನ ಚೀಲ ಇಟ್ಟರು. ತೆಗೆಯಿರಿ ಅನ್ನಲು ಬಾಯಿ ಬರಲಿಲ್ಲ. ಹೆಗಲಲ್ಲಿ ಟೂಲ್ ಬ್ಯಾಗು, ತಲೆಯಲ್ಲಿ ನಮ್ಮ ಸರ್ವಿಸ್ ಮ್ಯಾನೇಜರ್ ಮೋಹನ್‌ಬಾಬು ಸರ್ ಹೇಳಿದ ಮಾತು.

"ಇವತ್ತು ಒಬ್ಳೇ ಹೋಗ್ಬಾ ಹರಿತಾ. ಆಗ್ಲಿಲ್ವಾ, ನಾಳೆಯಿಂದ ಆಫೀಸಲ್ಲಿ ಫೋನ್ ಎತ್ಕೊಂಡು ಕೂತ್ಕೊಳ್ಳಮ್ಮ. ಹುಡುಗೀರಿಗೆ ಅದೇ ಸರಿ."

ದಿನವಿಡೀ ಫೋನಿನಲ್ಲಿ ಮಾತಾಡುವುದು ಎಂದರೇ ನನಗೆ ಜ್ವರ. ಮಿಷನ್ನುಗಳೇ ವಾಸಿ, ಯಾಕಮ್ಮ ಮಾತೇ ಆಡಲ್ಲ ಎಂದು ಕೇಳುವುದಿಲ್ಲ. ಆಸ್ಪತ್ರೆ ಮಿಷನ್ನುಗಳ ರಿಪೇರಿ ಕಲಿಸುವ ಬಯೋಮೆಡಿಕಲ್ ಎಂಜಿನಿಯರಿಂಗ್ ಓದಿದ್ದೂ ಅದಕ್ಕೇ.

ನರ್ಸಿಂಗ್ ಹೋಮಿನ ಗೇಟಿನಲ್ಲಿ ವಾಚ್‌ಮನ್ ತಾತ ತಡೆದ.

"ಯಾರಮ್ಮ?"

"ಬಯೋಮೆಡಿಕಲ್..."

"ಹಂಗನ್ನು! ಗಾಡಿ ಎಲ್ಲಮ್ಮಾ? ಹಿಂದಗಡೆ ಹೋಗು, ಹಳದಿ ಕವರೆಲ್ಲ ಕಟ್ಟಿ ಇಟ್ಟವ್ರೆ."

ಇಲ್ಲಿ ಬಯೋಮೆಡಿಕಲ್ ಅಂದರೆ ರಕ್ತದ ಹತ್ತಿ, ಬ್ಯಾಂಡೇಜು ಒಯ್ಯುವ ಕಸದ ಗಾಡಿ ಎಂದು ಆಗ ಹೊಳೆಯಿತು. ಅಲ್ಲ ತಾತ ಅನ್ನಬೇಕಿತ್ತು. ಸುಮ್ಮನೆ ಹಿಂದಕ್ಕೆ ಹೋದೆ. ಅಲ್ಲಿನ ಬಾಗಿಲಿಗೆ ಬೀಗ. ಕವರುಗಳ ಪಕ್ಕ ಏನೂ ತೋಚದೆ ನಿಂತಿದ್ದಾಗ ಸರ್ ಫೋನು.

"ಎಲ್ಲಿದ್ದೀಯಮ್ಮ? ಎಂಜಿನಿಯರ್ ಬಂದೇ ಇಲ್ಲ ಅಂತವ್ರೆ!"

"ಹಿಂದೆ ಇದ್ದೀನಿ ಸರ್... ಕಸದ ಹತ್ರ."

"ಕಸಾನ ರಿಪೇರಿ ಮಾಡ್ತಿದ್ದೀಯಾ?"

ತಲೆ ತಗ್ಗಿಸಿಕೊಂಡು ಮುಂದಿನ ಬಾಗಿಲಿನಿಂದ ಒಳಗೆ ಹೋದೆ. ಹೆರಿಗೆ ವಾರ್ಡಿನಲ್ಲಿ ಎಳೆಮಗುವಿಗೆ ಶಾಖ ಕೊಡುವ ವಾರ್ಮರ್ ಕಿರುಚುತ್ತಿತ್ತು. ಸಿಸ್ಟರ್ ಆಂಜಿನಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಮಗುವಿನ ಮೈಗೆ ಅಂಟಿಸುವ ಸೆನ್ಸರಿನ ವೈರು ಒಳಗೇ ತುಂಡಾಗಿತ್ತು. ಹೊಸದು ಹಾಕಿ, ಶಾಖ ಅಳೆದು ನೋಡಿದೆ. ಕಿರುಚಾಟ ನಿಂತಿತು.

"ನಿಮ್ ಸರ್ ಎಷ್ಟೊತ್ಗೆ ಬರ್ತಾರಮ್ಮ?" ಎಂದರು ಸಿಸ್ಟರ್. "ಅವ್ರೊಂದ್ಸಲ ನೋಡ್ಲಿ, ಆಮೇಲೆ ಮಲಗಿಸ್ತೀನಿ. ಕೂಸಿನ ವಿಷ್ಯ. ಕಾಲು ಬೇರೆ ತಣ್ಣಗಾಗ್ತಾ ಐತೆ."

ಹೂಂ ಅಂದು ಕೂತರೆ ನಾಳೆಯಿಂದ ಫೋನು. ಕೂಸು ಅಲ್ಲಿಯವರೆಗೂ ಹಾಗೇ.

"ಸರ್ ಬರಲ್ಲ ಸಿಸ್ಟರ್. ಎಂಜಿನಿಯರ್ ನಾನೇ. ಸರಿಯಾಗಿದೆ, ಮಲಗ್ಸಿ."

ನನ್ನ ದನಿ ನನಗೇ ಜೋರಾಗಿ ಕೇಳಿತು. ಆಂಜಿನಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ವಾರ್ಮರ್ ಕೆಳಗೆ ಅಂಗೈ ಹಿಡಿದು ಕಾದರು, ಮತ್ತೆ ತಿರುಗಿಸಿ ಹಿಡಿದರು. ಆಮೇಲೆ ಮಗುವನ್ನು ಇಳಿಸಿದರು.

"ಇಷ್ಟ್ ಹೇಳಕ್ಕೆ ಇಷ್ಟೊತ್ತೇನೇ ತಾಯಿ?"

ಸಂಜೆ ಸರ್ ಮತ್ತೆ ಫೋನ್ ಮಾಡಿದರು. "ನಾಳೆ ಗೌರಿಬಿದನೂರು. ಒಬ್ಳೇ."

ಖುಷಿಪಡಲೂ ಮೈಯಲ್ಲಿ ಕಸುವಿರಲಿಲ್ಲ. ಸರಿ ಸರ್ ಅಂದೆ.