ಅಳಿಸಿದ ಒಂದು ಸಾಲು

ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರ್ ಟಪಟಪ, ಯಾರಾದರೂ ಅದನ್ನು ಕಿತ್ತೆಸೆಯಬಾರದೇ, ತೆರೆಯ ಮೇಲೆ ಚುಕ್ಕೆ, ಇನ್ನೊಂದು ಚುಕ್ಕೆ, ನಮ್ಮ ಸೆಂಟರಿನಿಂದ ಆಸ್ಪತ್ರೆಗೆ ಒಂದೊಂದು ಸ್ಕ್ಯಾನ್ ಚಿತ್ರ ಹೋದಾಗಲೂ ಅದನ್ನು ಕಳಿಸಲೆಂದು ನಾನೇ ಬರೆದ ಪರ್ಲ್ ಸ್ಕ್ರಿಪ್ಟ್ ಒಂದು ಚುಕ್ಕೆ ಇಡುತ್ತದೆ, ಬೆಳಿಗ್ಗೆಯೂ ನಲವತ್ತು ಇಟ್ಟಿತ್ತು, ಆಚೆ ಆಸ್ಪತ್ರೆಯ ಸರ್ವರ್ ಕೂಡ ಬಸವನಂತೆ ತಲೆಯಾಡಿಸಿ ಓಕೆ ಅಂದಿತ್ತು, ನಾನು ಆರಾಮಾಗಿ ಕಾಫಿ ಕುಡಿದೆ, ಆಮೇಲೆ ಸರ್ಜನ್ ಫೋನು, ಏನಮ್ಮಾ ಕಳಿಸಿದ್ದೀರಿ, ಎಲ್ಲಾ ಅರ್ಧಂಬರ್ಧ, ಕಣ್ಣಿಂದ ಕೆಳಗೆ ಬರೀ ಬೂದು, ನಿಮ್ಮಕ್ಕನ್ನ ಥಿಯೇಟರ್ ಬಾಗಿಲಿಗೆ ತಂದಾಗಿದೆ, ನಾಲಿಗೆಯ ಗಡ್ಡೆ ಕತ್ತಿಗೆ ಹಬ್ಬಿದ್ರೆ ಇವತ್ತು ಕುಯ್ಯೋ ಹಾಗಿಲ್ಲ, ಹನ್ನೊಂದರೊಳಗೆ ಸರಿಯಾಗಿ ಕಳಿಸಿ. ಈಗ ಹತ್ತು ಐವತ್ತೆರಡು. ಹದಿನೇಳನೆಯ ಚುಕ್ಕೆ. ತಪ್ಪು ನನ್ನದೇ, ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ, ಕಳೆದ ವಾರ ಸ್ಕ್ರಿಪ್ಟನ್ನು ಗುಡಿಸಿ ಸಾರಿಸಲು ಕೂತವಳು ಬೈನ್‌ಮೋಡ್ ಎಂಬ ಸಾಲನ್ನು ದಂಡಪಿಂಡ ಎಂದು ಅಳಿಸಿ ಬೀಗಿದೆ, ಹಳೆಯ ಲಿನಕ್ಸ್ ಕಂಪ್ಯೂಟರಿಗೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ನಿನ್ನೆ ಬಂದು ಕೂತ ವಿಂಡೋಸ್ ಯಂತ್ರ ಹಾಗಲ್ಲ, ಆ ಸಾಲಿಲ್ಲದಿದ್ದರೆ ಚಿತ್ರವನ್ನೂ ಬರಹದಂತೆ ಓದುತ್ತದೆ, ನಡುವೆ ಇಪ್ಪತ್ತಾರು ಎಂಬ ಬೈಟ್ ಸಿಕ್ಕಿತೋ, ಕಡತವೇ ಮುಗಿಯಿತೆಂದು ಎದ್ದು ಹೋಗುತ್ತದೆ, ಹೊಸ ಯಂತ್ರದಿಂದ ಹೋದ ಮೊದಲ ಚಿತ್ರಗಳೇ ಅಕ್ಕನವು, ಅತಿ ಬುದ್ಧಿವಂತೆ ಕಣೇ ನೀನು ಅನ್ನುತ್ತಿದ್ದಳು ಅವಳು. ಆ ಸಾಲನ್ನು ಮತ್ತೆ ಸೇರಿಸಿ ನಲವತ್ತನ್ನೂ ಹೊಸದಾಗಿ ಕಳಿಸುತ್ತಿದ್ದೇನೆ. ಇಲ್ಲಿರುವ ಮೂಲ ಚಿತ್ರಗಳು ಸರಿಯಾಗಿಯೇ ಇವೆ, ಆದರೆ ಒಂದನ್ನೂ ನಾನು ತೆರೆದಿಲ್ಲ, ದಿನಕ್ಕೆ ನೂರು ಜನರ ತಲೆ ಕತ್ತು ನೋಡುವವಳಿಗೆ ಅಕ್ಕನದನ್ನು ನೋಡುವ ಧೈರ್ಯ ಬರಲಿಲ್ಲ, ಹೆದರುಪುಕ್ಕಲಿ. ಇಪ್ಪತ್ತೊಂಬತ್ತು. ಮೊನ್ನೆ ಅಕ್ಕ ಬಚ್ಚಲಿನ ಕನ್ನಡಿಯ ಮುಂದೆ ನನ್ನ ಬೆರಳು ಹಿಡಿದು ದವಡೆಯ ಕೆಳಗೆ ಒತ್ತಿಸಿಕೊಂಡಳು, ಕಾಳಿನ ಥರ ಏನಾದ್ರೂ ಸಿಗುತ್ತೇನೇ, ಸಿಕ್ಕಿತು, ಬೆರಳ ತುದಿಯಲ್ಲಿ ಜಾರಿತು, ಇಲ್ಲ ಕಣಕ್ಕಾ, ಏನೂ ಇಲ್ಲ, ನಿನ್ನ ಭ್ರಮೆ, ಅವಳು ನಕ್ಕು ತಲೆ ಬಾಚಿಕೊಂಡಳು. ನಲವತ್ತು. ಓಕೆ. ಈ ಓಕೆಯನ್ನು ಇನ್ನು ಜನ್ಮದಲ್ಲಿ ನಂಬುವುದಿಲ್ಲ, ತಲುಪಿದ ಚಿತ್ರ ಇಡಿಯಾಗಿದೆಯೋ ಇಲ್ಲವೋ ಆಸ್ಪತ್ರೆಯ ವೆಬ್ ಪುಟದಲ್ಲೇ ತೆರೆದು ನೋಡಬೇಕು, ನಾನೇ ನೋಡಬೇಕು, ಕ್ಲಿಕ್, ಮೇಲಿನಿಂದ ಒಂದೊಂದೇ ಗೆರೆ ಇಳಿಯುತ್ತಿದೆ, ಹಣೆ, ಕಣ್ಣಿನ ಗುಳಿ, ಇಲ್ಲಿಂದ ಬೂದು, ಇಲ್ಲ, ಬೂದು ಇಲ್ಲ, ಮೂಗು ಬಂತು, ಹಲ್ಲಿನ ಸಾಲು ಬಂತು, ಬೂದು ಬಂದರೂ ಬರಲಿ ದೇವರೇ, ಫೋನು ಹೊಡೆದುಕೊಳ್ಳುತ್ತಿದೆ, ಸರ್ಜನ್ನರೇ ಇರಬೇಕು, ದವಡೆ, ದವಡೆಯ ಕೆಳಗೆ ತೆರೆಯ ಗಾಜಿನ ಮೇಲೆ ನನ್ನ ಬೆರಳು, ಏನೂ ಇಲ್ಲ ಕಣಕ್ಕಾ, ಬೆರಳ ತುದಿಯಲ್ಲಿ ಬಿಳಿ ಕಾಳು.