ಗಡಿಯಾರದಮ್ಮನ ಐದು ಪದಗಳು

ಗಡಿಯಾರದಮ್ಮ ಎಂದರೆ ಆ ಆಸ್ಪತ್ರೆಯ ಗೋಡೆ ಗಡಿಯಾರಕ್ಕೂ ಒಂದು ಚೂರು ಹೆದರಿಕೆ. ವಯಸ್ಸಾದವರ ಮನಸ್ಸಿನ ಕಾಯಿಲೆಗೆಂದು ಅಲ್ಲೊಂದು ವಿಭಾಗ ಕಟ್ಟಿ ಬೆಳೆಸಿದ ದೊಡ್ಡ ಡಾಕ್ಟರು ಅವರು. ಮರೆವು ಎಂದು ಬಂದವರ ಕೈಗೆಲ್ಲ ಪೆನ್ಸಿಲ್ ಕೊಟ್ಟು "ಒಂದು ಗಡಿಯಾರ ಬರೀರಿ ನೋಡೋಣ" ಅನ್ನುತ್ತಿದ್ದುದರಿಂದ ಕಿರಿಯ ಡಾಕ್ಟರುಗಳು ಬೆನ್ನ ಹಿಂದೆ ಇಟ್ಟ ಹೆಸರು ಅದು. ಹೆಸರು ಅವರ ಕಿವಿಗೂ ಬಿದ್ದಿತ್ತು. "ಗಡಿಯಾರದಮ್ಮ ಬಂದಳು, ಏಳ್ರಪ್ಪಾ" ಎಂದು ತಾವೇ ಸಾರಿಕೊಂಡು ವಾರ್ಡಿಗೆ ಬರುತ್ತಿದ್ದರು. ನಿವೃತ್ತಿಯಾದ ಮೇಲೂ ವಾರಕ್ಕೊಂದು ಪಾಠ ಮಾಡುವುದನ್ನು ಬಿಟ್ಟಿರಲಿಲ್ಲ.

ಇವತ್ತು ಅದೇ ಗಡಿಯಾರದಮ್ಮ ಮೇಜಿನ ಆಚೆ ಬದಿಗೆ, ರೋಗಿಯ ಕುರ್ಚಿಯಲ್ಲಿ ಕೂತಿದ್ದರು. ಈಚೆ ಬದಿಗೆ ಕೂತವಳು ಅವರದೇ ಶಿಷ್ಯೆ. ಅಜ್ಜಿಯ ಕಥೆ ಕೇಳಿಕೊಂಡೇ ಬೆಳೆದ ಹುಡುಗಿ. ರೋಗಿಯ ವಿವರ ಹೇಳು ಅಂದರೆ "ಒಂದಾನೊಂದು ಮನೆಯಲ್ಲಿ" ಎಂದು ಶುರು ಮಾಡುತ್ತಿದ್ದಳೆಂದು ಗಡಿಯಾರದಮ್ಮನೇ ಅವಳಿಗೆ ಕಥೆಪೆಟ್ಟಿಗೆ ಎಂದು ಹೆಸರಿಟ್ಟಿದ್ದರು. ಈಗ ಅವಳೂ ಡಾಕ್ಟರು, ಬಾಗಿಲ ಮೇಲೆ ಅವಳದೂ ಫಲಕ. ಆದರೆ ಈ ಹೊತ್ತಿನಲ್ಲಿ ಪ್ರಶ್ನೆ ಶುರು ಮಾಡದೆ ಮೇಜಿನ ಮೇಲಿನ ಕಾಗದಗಳನ್ನೇ ಮತ್ತೆ ಮತ್ತೆ ಜೋಡಿಸುತ್ತಿದ್ದಳು.

ಅದಕ್ಕೆ ಕಾರಣ, ಒಳಗೆ ಬರುವ ಮುನ್ನ ಗಡಿಯಾರದಮ್ಮನ ತಂಗಿ ಕಾರಿಡಾರಿನಲ್ಲಿ ಅವಳ ಕೈ ಹಿಡಿದು ಹೇಳಿದ ಮಾತು.

"ನೋಡಮ್ಮಾ, ಮೊದಲೇ ಹೇಳ್ಬಿಡ್ತೀನಿ. ಮೊನ್ನೆ ನಮ್ಮಕ್ಕ, ನಾವು ಯಾವಾಗಲೋ ಬಿಟ್ಟ ಹಳೇ ಮನೆಗೆ ಹೋಗಿ ಬಾಗಿಲು ತಟ್ಟಿದಾಳೆ. ಅಲ್ಲಿರೋರು ಪಾಪ, ಕೂರಿಸಿ ಕಾಫಿ ಕೊಟ್ಟು ಕಳಿಸಿದಾರೆ. ಬಂದು ನಂಗೇ ಹೇಳ್ತಾಳೆ, ಮನೆಗೆ ಯಾರೋ ನೆಂಟರು ಬಂದಿದಾರೆ, ಕಾಫಿ ಕೂಡ ಅವರೇ ಮಾಡ್ಕೊಂಡ್ರು, ನೀನೆಲ್ಲಿ ಹಾಳಾಗಿ ಹೋಗಿದ್ದೆ ಅಂತ!" ನಗಲು ಹೋದ ತಂಗಿಯ ಕಣ್ಣು ತುಂಬಿತು. "ಅವಳ ಎದುರಿಗೆ ಏನೂ ಅನ್ಬೇಡ ತಾಯಿ. ಆಯಾಸ ಅಂತ ಹೇಳು. ಮಾತ್ರೆ ನನ್ನ ಕೈಗೆ ಕೊಡು, ಹಾಲಲ್ಲಿ ಕದಡಿ ಕುಡಿಸ್ತೀನಿ. ಗೊತ್ತಾದ್ರೆ ಅವಳು ಕುಸಿದು ಹೋಗ್ತಾಳೆ. ಅವಳಿಗೆ ಇರೋ ಆಸ್ತಿ ಅಂದ್ರೆ ಆ ತಲೆ ಒಂದೇ."

ಹೂಂ ಅಂದಿರಲಿಲ್ಲ ಕಥೆಪೆಟ್ಟಿಗೆ, ಊಹೂಂ ಎಂದೂ ಅಂದಿರಲಿಲ್ಲ. ಹಿಂದೊಮ್ಮೆ ಹೀಗೇ ರೋಗಿಯೊಬ್ಬರ ಮಗನಿಗೆ ಮೂಲೆಯಲ್ಲಿ ಗುಟ್ಟಾಗಿ ಸುದ್ದಿ ಹೇಳಿದ ಕಿರಿಯ ಡಾಕ್ಟರನ್ನು ಗಡಿಯಾರದಮ್ಮ ವಾರ್ಡಿನ ನಡುವೆ ನಿಲ್ಲಿಸಿ ಬೆವರಿಳಿಸಿದ್ದು ಅವಳ ಕಣ್ಣಿಗೆ ಕಟ್ಟಿತ್ತು. "ಕಾಯಿಲೆ ಯಾರದ್ರೀ? ಆಯಮ್ಮಂದು. ಹಾಗಿದ್ಮೇಲೆ ಸುದ್ದೀನೂ ಆಯಮ್ಮಂದೇ. ಅವರ ಸೊತ್ತು ಇನ್ನೊಬ್ಬರ ಕೈಗೆ ಕೊಡೋಕೆ ನೀವ್ಯಾರು?"

"ಏನು ಕನಸು ಕಾಣ್ತಿದೀಯ? ಶುರು ಮಾಡು," ಎಂದರು ಗಡಿಯಾರದಮ್ಮ. "ತಂಗಿ ಬಾಯಿ ಮುಚ್ಚಿಸೋಕೆ ಅಂತ ಬಂದಿದೀನಿ. ಬೇಗ ಮುಗಿಸು, ಆಮೇಲೆ ನಂದು ಪಾಠ ಇದೆ." ಪಕ್ಕದಲ್ಲಿದ್ದ ತಂಗಿಯತ್ತ ತಿರುಗಿ, "ನೀನು ಆಚೆ ಕೂತ್ಕೋ ಹೋಗು. ನೀನಿದ್ರೆ ನನ್ನ ಉತ್ತರಾನೂ ನೀನೇ ಹೇಳ್ತೀಯ," ಎಂದು ಅಟ್ಟಿದರು.

ಗಡಿಯಾರ ಬರೆದರು. ಕೈವಾರವಿಟ್ಟು ಎಳೆದಂಥ ದುಂಡು, ಅಂಕಿಗಳು ಪಂಕ್ತಿಗೆ ಕೂತವರ ಹಾಗೆ ಅಚ್ಚುಕಟ್ಟು. ಆಮೇಲೆ ಐದು ಪದ. ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡಿ, ಮತ್ತೆ ನೆನಪಿನಿಂದ ಹೇಳಬೇಕು.

"ಏಣಿ, ಗಿಳಿ, ಉಪ್ಪು..."

"ನಿಧಾನ! ಯಾರು ಅಟ್ಟಿಸ್ಕೊಂಡು ಬರ್ತಿದಾರೆ? ಒಂದೊಂದು ಪದ ಕಿವಿಯೊಳಗೆ ಇಳೀಬೇಕು."

"ಏಣಿ. ಗಿಳಿ. ಉಪ್ಪು. ನೆರಳು. ದಾರ."

"ಹಾಂ, ಹೀಗೆ."

ಆ ಐದೂ ಪದ ಗಡಿಯಾರದಮ್ಮನೇ ಆರಿಸಿದ್ದು. ಒಂದಕ್ಕೊಂದು ನಂಟಿರಬಾರದು, ನಂಟಿದ್ದರೆ ಜನ ಕಥೆ ಕಟ್ಟಿ ನೆನಪಿಟ್ಟುಕೊಳ್ಳುತ್ತಾರೆ ಎಂದು ಎಷ್ಟೋ ಪದಗಳನ್ನು ಜರಡಿ ಹಿಡಿದು ಉಳಿಸಿಕೊಂಡ ಐದು. ಬೇರೆ ಒಂದೆರಡು ಪ್ರಶ್ನೆಯಾದ ಮೇಲೆ ಕೇಳಿದಾಗ ಐದನ್ನೂ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. ಪೂರ್ತಿ ಅಂಕ.

ಕಥೆಪೆಟ್ಟಿಗೆ ಪೆನ್ನಿನ ಮುಚ್ಚಳ ಹಾಕಿದಳು. ಆಯಿತು, ಎಲ್ಲ ಸರಿ ಇದೆ, ಎದ್ದು ಬಿಡೋಣ. ಆದರೆ ತಾನೇ ಅಳತೆ ತೆಗೆದು ತಾನೇ ಹೊಲಿದ ಅಂಗಿ ಮೈಗೆ ಕೂತರೆ ಅದರಲ್ಲೇನು ಹೆಚ್ಚುಗಾರಿಕೆ? ಎದ್ದವಳು ಮತ್ತೆ ಕೂತಳು.

"ನಿನ್ನೆ ಮಧ್ಯಾಹ್ನ ಏನು ಮಾಡಿದ್ರಿ ಮೇಡಂ?"

ಉತ್ತರ ಬರುವ ಮೊದಲು ಗಡಿಯಾರದಮ್ಮನ ಕತ್ತು ಪಕ್ಕಕ್ಕೆ ಹೊರಳಿತು. ಅಲ್ಲಿದ್ದದ್ದು ತಂಗಿ ಎದ್ದು ಹೋದ ಖಾಲಿ ಕುರ್ಚಿ. "ಅದೇ... ಮಾಮೂಲಿ. ಓದು, ಬರಹ. ಇದನ್ನೆಲ್ಲ ಕೇಳ್ತಾರೇನೇ?"

ನೆನಪು ಕೈಕೊಟ್ಟವರು ಉತ್ತರಕ್ಕಾಗಿ ಮೊದಲು ಮನೆಯವರ ಕಡೆ ಕತ್ತು ತಿರುಗಿಸುತ್ತಾರೆ, ಬಾಯಿ ಹುಸಿನುಡಿದರೂ ಕತ್ತು ನುಡಿಯದು, ಅದರ ಮೇಲೊಂದು ಕಣ್ಣಿಡಿ ಎಂದು ಕಲಿಸಿದವರೂ ಇವರೇ.

ಕಥೆಪೆಟ್ಟಿಗೆ ಮತ್ತೆ ಪೆನ್ನು ಎತ್ತಿಕೊಂಡಳು. ಯಾವ ಪುಸ್ತಕದಲ್ಲೂ ಇಲ್ಲದ ಪ್ರಶ್ನೆಯೊಂದು ಅವಳಿಗೆ ಹೊಳೆದಿತ್ತು.

"ಮೇಡಂ, ನಿಮ್ಮ ಐದು ಪದ ಎಲ್ಲರಿಗೂ ಬಾಯಿಪಾಠ ಆಗ್ಬಿಟ್ಟಿವೆ. ಹೊಸದಾಗಿ ಐದು ಬೇಕು. ಈಗಲೇ ಆರಿಸಿ ಕೊಡ್ತೀರಾ?"

ಗಡಿಯಾರದಮ್ಮನ ಮುಖ ಅರಳಿತು. ಕಣ್ಣು ಮುಚ್ಚಿ, ಬೆರಳಿನಿಂದ ಮೇಜು ತಟ್ಟುತ್ತ ಯೋಚಿಸಿದರು. "ಬರ್ಕೋ. ಮೊದಲು ಒಂದು ಭಾರದ ವಸ್ತು ಇರ್ಲಿ. ಏಣಿ. ಆಮೇಲೆ ಜೀವ ಇರೋದು, ಗಿಳಿ ಅಂತಿಟ್ಕೋ. ನಾಲಿಗೆಗೆ ಗೊತ್ತಿರೋದು... ಉಪ್ಪು. ಕಣ್ಣಿಗೆ ಕಂಡ್ರೂ ಕೈಗೆ ಸಿಗದ್ದು, ನೆರಳು. ಕೊನೇದು ತೀರಾ ಸಣ್ಣದು, ಜಾರಿ ಹೋಗೋವಂಥದ್ದು. ದಾರ." ಕಣ್ಣು ತೆರೆದು ಹುಬ್ಬು ಹಾರಿಸಿದರು. "ಹೇಗಿದೆ? ನಿನ್ನಂಥವಳಿಗೂ ಕಥೆ ಕಟ್ಟೋಕಾಗಲ್ಲ!"

ಬರೆದುಕೊಳ್ಳುತ್ತಿದ್ದ ಪೆನ್ನು ಎರಡನೆಯ ಪದಕ್ಕೇ ನಿಂತಿತ್ತು.

ಕಥೆಪೆಟ್ಟಿಗೆಗೆ ಅಜ್ಜಿ ನೆನಪಾದಳು. ಕೊನೆಕೊನೆಗೆ ಅಜ್ಜಿಯ ರಾಜಕುಮಾರ ಏಳು ಸಮುದ್ರ ದಾಟಲು ಹೊರಟು, ಮೂರನೆಯದರಲ್ಲಿ ದಿಕ್ಕು ತಪ್ಪಿ, ಮತ್ತೆ ಮೊದಲಿನ ದಡಕ್ಕೇ ಬರುತ್ತಿದ್ದ. "ನಂಗೇನಾಗಿದೆ ಪುಟ್ಟೀ?" ಎಂದು ಅಜ್ಜಿ ಕೇಳಿದಾಗ ಮನೆಯವರೆಲ್ಲ ಒಂದೇ ಬಾಯಲ್ಲಿ "ಏನಿಲ್ಲ, ಏನಿಲ್ಲ" ಅಂದಿದ್ದರು. ಆಮೇಲೆ ಅಜ್ಜಿ ಕೇಳುವುದನ್ನೇ ಬಿಟ್ಟಳು. ತನಗಾದದ್ದೇನೆಂದು ಹಂಚಿಕೊಳ್ಳಲು ಒಬ್ಬರೂ ಇಲ್ಲದೆ, ಮನೆ ತುಂಬ ಜನರ ನಡುವೆ ಒಂಟಿಯಾದಳು.

ಬಾಗಿಲು ಕಿರ್ ಎಂದಿತು. ತಂಗಿ ತಲೆ ಹಾಕಿ, "ಆಯ್ತಾ? ಆಯಾಸ ತಾನೇ?" ಎಂದು ಕಣ್ಣು ಮಿಟುಕಿಸಿದಳು.

"ಅದು... ಸ್ವಲ್ಪ..." ಎಂದು ಕಥೆಪೆಟ್ಟಿಗೆ ತಂಗಿಯ ಕಡೆ ತಿರುಗಿದಳು.

ಮೇಜಿನ ಮೇಲೆ ಅಂಗೈ ಬಡಿದ ಸದ್ದಾಯಿತು. "ಯಾರ ಮುಖ ನೋಡ್ಕೊಂಡು ಮಾತಾಡ್ತಿದೀಯ ನೀನು?"

ಕಥೆಪೆಟ್ಟಿಗೆ ತನ್ನ ಕುರ್ಚಿಯನ್ನು ಎಳೆದುಕೊಂಡು ಮೇಜು ಸುತ್ತಿ ಬಂದು ಗುರುವಿನ ಎದುರಿಗೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು.

"ಮೇಡಂ, ಹೊಸ ಪದ ಕೇಳಿದೆ. ನೀವು ಕೊಟ್ಟಿದ್ದು ಹಳೇ ಐದೇ."

"ಏನಂದೆ?"

"ಅದೇ ಐದು. ಅದೇ ಸಾಲಲ್ಲಿ."

ಗಡಿಯಾರದಮ್ಮನ ಮೂಗಿನ ಹೊಳ್ಳೆ ಅರಳಿತು. "ನಂಗೇ ಬಲೆ ಹಾಕ್ತೀಯಾ?" ಅಂದವರು ತುಟಿಯಲ್ಲೇ ಒಂದೊಂದಾಗಿ ಪದಗಳನ್ನು ಎಣಿಸಿದರು. ಬೆರಳುಗಳು ನಿಧಾನವಾಗಿ ಮಡಚಿಕೊಂಡವು.

"ಮರೆವಿನ ಕಾಯಿಲೆ ಶುರುವಾಗಿರೋ ಹಾಗಿದೆ ಮೇಡಂ," ಎಂದಳು ಕಥೆಪೆಟ್ಟಿಗೆ. ಕಣ್ಣು ಅವರ ಮುಖ ಬಿಡಲಿಲ್ಲ. "ರಕ್ತ ಪರೀಕ್ಷೆ, ಸ್ಕ್ಯಾನ್ ಎರಡೂ ಆಗ್ಲಿ. ಥೈರಾಯ್ಡೋ ಇನ್ನೊಂದೋ ಆಗಿದ್ರೆ ಸರಿಹೋಗುತ್ತೆ. ಅದಲ್ಲ ಅಂತಾದ್ರೆ... ಪೂರ್ತಿ ವಾಸಿ ಮಾಡೋ ಮಾತ್ರೆ ನನ್ನ ಹತ್ರ ಇಲ್ಲ. ಆದ್ರೆ ನೀವು ಕೇಳಿದಾಗೆಲ್ಲ ನಿಜ ಹೇಳ್ತೀನಿ. ಎಷ್ಟು ಸಲ ಕೇಳಿದ್ರೂ."

"ಅಯ್ಯೋ, ಹೇಳೇಬಿಟ್ಯಲ್ಲೇ!" ಬಾಗಿಲಲ್ಲಿದ್ದ ತಂಗಿ ಸೆರಗು ಬಾಯಿಗಿಟ್ಟುಕೊಂಡಳು.

"ಸುಮ್ನಿರೇ ನೀನು." ಗಡಿಯಾರದಮ್ಮ ಕೈಯೆತ್ತಿ ತಡೆದರು. ಕಣ್ಣಂಚು ಒದ್ದೆಯಾಗಿತ್ತು. ಆದರೆ ಕತ್ತು ನೆಟ್ಟಗಿತ್ತು. "ಆ ಪ್ರಶ್ನೆ ಎಲ್ಲಿ ಕಲ್ತೆ? ಹೊಸ ಪದ ಕೊಡಿ ಅನ್ನೋದು?"

"ಎಲ್ಲೂ ಇಲ್ಲ. ಈಗಷ್ಟೇ ಹೊಳೀತು."

"ನಿಂಗೇ ಹೊಳೀತಾ? ನಾನು ಹೇಳ್ಕೊಟ್ಟಿದ್ದಲ್ಲ ತಾನೇ?"

"ಅಲ್ಲ ಮೇಡಂ."

ಗಡಿಯಾರದಮ್ಮ ಕುರ್ಚಿಗೆ ಒರಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ನೋಡೇ," ಎಂದರು ತಂಗಿಗೆ. ದನಿಯಲ್ಲಿ ನಡುಕವೂ ಇತ್ತು, ಜಂಬವೂ ಇತ್ತು. "ನನ್ನ ಪರೀಕ್ಷೆಗೇ ಮಣ್ಣು ಮುಕ್ಕಿಸಿದ್ದೆ ನಾನು, ಪೂರ್ತಿ ಅಂಕ ತಗೊಂಡು. ಇವಳು ಹಿಡಿದು ಹಾಕಿದ್ಲು. ನನ್ನ ಹುಡುಗಿ ಇವಳು!"

ಪಾಠದ ಹೊತ್ತಾಗಿತ್ತು. ಬೇಡ, ಮನೆಗೆ ಹೋಗೋಣ ಎಂದು ತಂಗಿ ಗೋಗರೆದರೂ ಗಡಿಯಾರದಮ್ಮ ಕೇಳಲಿಲ್ಲ. ಕಾರಿಡಾರಿನುದ್ದಕ್ಕೂ ಶಿಷ್ಯೆಯ ತೋಳು ಹಿಡಿದು ನಡೆದರು. ಎದುರು ಸಿಕ್ಕ ನರ್ಸ್, ಆಯಾ, ಕಿರಿಯ ಡಾಕ್ಟರು, ಯಾರನ್ನೂ ಬಿಡದೆ "ನನ್ನ ಡಾಕ್ಟ್ರು ಇವರು" ಎಂದು ಪರಿಚಯ ಮಾಡಿಸಿದರು. ಒಬ್ಬ ನರ್ಸಿಗೆ ಎರಡು ಸಲ ಮಾಡಿಸಿದರು. ಆಕೆ ಎರಡು ಸಲವೂ ನಮಸ್ಕಾರ ಹೇಳಿದಳು.

ಪಾಠದ ಕೋಣೆಯಲ್ಲಿ ಹೊಸ ಡಾಕ್ಟರುಗಳು ಎದ್ದು ನಿಂತರು. ಗಡಿಯಾರದಮ್ಮ ಬೋರ್ಡಿನ ಹತ್ತಿರ ಹೋಗಲಿಲ್ಲ. ರೋಗಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಸೀರೆ ಸರಿಮಾಡಿಕೊಂಡು, ಸಿಂಹಾಸನವೇರಿದವರಂತೆ ಕೂತರು.

"ಇನ್ಮೇಲೆ ಪಾಠ ಇವಳದು. ಇವತ್ತಿನ ರೋಗಿ ನಾನು," ಎಂದರು. "ಹೂಂ, ಹೇಳು."

"ನಮ್ಮ ಮೇಡಂಗೆ..." ಎಂದು ಕಥೆಪೆಟ್ಟಿಗೆ ಬಾಯೊಳಗೇ ಗೊಣಗಿದಳು.

"ಗಟ್ಟಿಯಾಗಿ! ಹಿಂದಿನ ಸಾಲಿಗೆ ಕೇಳಿಸ್ಬೇಕು. ನಾಚಿಕೆ ಪಡೋವಂಥದ್ದು ಇಲ್ಲಿ ಯಾರೂ ಏನೂ ಮಾಡಿಲ್ಲ."

ಕಥೆಪೆಟ್ಟಿಗೆ ಎದೆ ತುಂಬ ಉಸಿರೆಳೆದುಕೊಂಡಳು. ಮೊದಲು ಗುರುವಿನ ಕಡೆ ತಿರುಗಿ, "ಹೇಳಲಾ ಮೇಡಂ?" ಎಂದು ಒಪ್ಪಿಗೆ ಕೇಳಿದಳು. ಅವರು ತಲೆಯಾಡಿಸಿದ ಮೇಲೆ, ಹಿಂದಿನ ಸಾಲಿಗಷ್ಟೇ ಅಲ್ಲ, ಕಾರಿಡಾರಿಗೂ ಕೇಳಿಸುವ ಹಾಗೆ ಹೇಳಿದಳು.